ಮನೆಯಲ್ಲಿ ಬಿಯರ್ ಮಾಡುವಾಗ ಹುಳ, ನೊಣ, ಬೂಸ್ಟು: ಎಲ್ಲಿ ಹೆದರಬೇಕು, ಎಲ್ಲಿ ಬೇಡ

ಮೊದಲ ಸಲ ಮನೆಯಲ್ಲಿ ಬಿಯರ್ ಮಾಡುವವರ ತಲೆ ತಿನ್ನುವ ಪ್ರಶ್ನೆಗಳು ಹೆಚ್ಚುಕಮ್ಮಿ ಎಲ್ಲರಿಗೂ ಒಂದೇ. ಏರ್‌ಲಾಕ್‌ನಲ್ಲಿ (ಒಳಗಿನ ಗ್ಯಾಸ್ ಹೊರಗೆ ಬಿಟ್ಟು, ಹೊರಗಿನ ಗಾಳಿ ತಡೆಯುವ ಪುಟ್ಟ ನೀರಿನ ಕೊಳವೆ) ನೊಣ ಬಿದ್ದಿದೆ, ಅಷ್ಟೂ ಬಿಯರ್ ಹಾಳಾಯ್ತಾ? ಮೇಲೆ ಕಂದು ಬಣ್ಣದ್ದು ಏನೋ ತೇಲ್ತಾ ಇದೆ, ಬೂಸ್ಟಾ? ಮಾಲ್ಟ್ ಚೀಲದಲ್ಲಿ ಹುಳ ಕಾಣಿಸಿತು, ಬಿಸಾಡಬೇಕಾ? ಎಲ್ಲಕ್ಕಿಂತ ದೊಡ್ಡದು, ಕೆಟ್ಟದ್ದನ್ನು ಕುಡಿದರೆ ಜೀವಕ್ಕೆ ಏನಾದರೂ ಆಗುತ್ತಾ?

ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಹೊಸಬರ ಗಾಬರಿಯೆಲ್ಲ ಕಣ್ಣಿಗೆ ಕಾಣುವುದರ ಮೇಲೆ ಇರುತ್ತದೆ. ನೊಣ ಕಾಣುತ್ತದೆ, ಹೆದರುತ್ತಾರೆ. ಬಿಯರ್ ಪಾತ್ರೆಯ ನಲ್ಲಿಯ ಒಳಗೆ ಅಂಟಿಕೊಂಡ ಹಳೆಯ ಯೀಸ್ಟ್ ಕಾಣುವುದಿಲ್ಲ, ಅದರ ಗೊಡವೆಗೇ ಹೋಗುವುದಿಲ್ಲ. ಬಿಯರ್ ಕೆಡುವುದು ಹೆಚ್ಚಾಗಿ ಇಂಥ ಕಾಣದ ಸಂದುಗಳಿಂದ. ಇಲ್ಲವೇ, ಕುದಿ ಇಳಿದ ಮೇಲೆ ಯೀಸ್ಟ್ ಕೆಲಸ ಶುರು ಮಾಡುವ ತನಕದ ಕೆಲವು ಗಂಟೆಗಳಲ್ಲಿ. ನಿಮ್ಮ ಎಚ್ಚರವನ್ನೆಲ್ಲ ಈ ಎರಡು ಕಡೆ ತಿರುಗಿಸಿ. ಉಳಿದ ಕಡೆ ಸ್ವಲ್ಪ ಹಗುರಾಗಿ ಉಸಿರಾಡಬಹುದು.

ಅಂದ ಹಾಗೆ, ಮನೆಯಲ್ಲಿ ಬಿಯರ್ ಮಾಡುವುದಕ್ಕೆ ಒಂದೊಂದು ಕಡೆ ಒಂದೊಂದು ಕಾನೂನು. ಶುರು ಮಾಡುವ ಮುಂಚೆ ನಿಮ್ಮಲ್ಲಿ ಏನಿದೆ ಎಂದು ನೋಡಿಕೊಳ್ಳಿ.

ಕುಡಿದರೆ ಏನಾದರೂ ಆಗುತ್ತಾ?

ಮಾಲ್ಟ್ ಮಾಡಿದ, ಅಂದರೆ ಮೊಳಕೆ ಬರಿಸಿ ಒಣಗಿಸಿದ, ಬಾರ್ಲಿಯನ್ನು ಬಿಸಿ ನೀರಲ್ಲಿ ನೆನೆಸಿದಾಗ ಸಿಗುವ ಸಿಹಿ ರಸಕ್ಕೆ ವರ್ಟ್ ಅನ್ನುತ್ತಾರೆ. ಅದಕ್ಕೆ ಹಾಪ್ಸ್ ಅನ್ನುವ ಕಹಿ ಹೂವು ಹಾಕಿ ಸುಮಾರು 60 ನಿಮಿಷ ಕುದಿಸುತ್ತೇವೆ. ಅಷ್ಟು ಹೊತ್ತು ಕುದಿದರೆ ಬಿಯರ್ ಕೆಡಿಸುವ ಜೀವಿಗಳು ಸಾಯುತ್ತವೆ. ಆಮೇಲೆ ಯೀಸ್ಟ್ ಬಂದು ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತದೆ. ಜೊತೆಗೆ ಹುಳಿಯನ್ನೂ ಹೆಚ್ಚಿಸುತ್ತದೆ, ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 5ರ ಮೇಲಿದ್ದದ್ದು 4ರಿಂದ 4.5ಕ್ಕೆ ಇಳಿಯುತ್ತದೆ. ಒಳಗೆ ಆಮ್ಲಜನಕ ಇಲ್ಲ, ಕಾರ್ಬನ್ ಡೈಆಕ್ಸೈಡ್ ತುಂಬಿದೆ, ಮೇಲಿಂದ ಹಾಪ್ಸ್‌ನ ಕಹಿ ಬೇರೆ. ಇಷ್ಟೆಲ್ಲ ಒಟ್ಟಿಗೆ ಇರುವ ಜಾಗದಲ್ಲಿ ಮನುಷ್ಯರಿಗೆ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯುವುದು ಬಹಳ ಕಷ್ಟ. ಹಾಗಾಗಿ ಸಾಮಾನ್ಯ ಬಿಯರ್‌ಗೆ ಸೋಂಕು ತಗುಲಿದರೆ ಕೆಡುವುದು ರುಚಿ. ಹುಳಿ ಬರುತ್ತದೆ, ವಾಸನೆ ಬರುತ್ತದೆ, ಗ್ಲಾಸ್ ಕೆಳಗಿಡುತ್ತೀರಿ. ಅಷ್ಟೇ.

ಆದರೆ ಈ ಧೈರ್ಯ ಎಲ್ಲ ಕಡೆ ನಡೆಯುವುದಿಲ್ಲ. ನಾಲ್ಕು ಕಡೆ ನಿಜವಾದ ಅಪಾಯ ಇದೆ. ಮೇಲೆ ಉಣ್ಣೆಯಂತೆ ಕೂದಲು ಬಂದ ಬೂಸ್ಟು ಕಂಡರೆ ಅದರಲ್ಲಿ ವಿಷ ಇರಬಹುದು, ಕುಡಿಯಬಾರದು. ಕುದಿಸಿದ ವರ್ಟ್‌ಗೆ ಯೀಸ್ಟ್ ಹಾಕದೆ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ದಿನಗಟ್ಟಲೆ ಇಡಬಾರದು. ಅದರ ಪಿಎಚ್ ಸಾಕಷ್ಟು ಕೆಳಗಿರುವುದಿಲ್ಲ, ಬಾಟ್ಯುಲಿಸಂ ಅನ್ನುವ, ಜೀವಕ್ಕೇ ಅಪಾಯವಾದ ಆಹಾರ ವಿಷ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಗೂ ಸಾಯುವುದಿಲ್ಲ. ಇನ್ನು ಆಲ್ಕೋಹಾಲ್ ಇಲ್ಲದ ಅಥವಾ ತೀರಾ ಕಮ್ಮಿ ಇರುವ ಬಿಯರ್. ಅದಕ್ಕೆ ಮೇಲೆ ಹೇಳಿದ ರಕ್ಷಣೆ ಪೂರ್ತಿ ಇರುವುದಿಲ್ಲ, ಕಲಿಯುವ ಹಂತದಲ್ಲಿ ಅದರ ತಂಟೆಗೆ ಹೋಗಬೇಡಿ. ಕೊನೆಯದು ಗಾಜಿನ ಬಾಟಲಿ ಸಿಡಿಯುವುದು. ಇದರ ಬಗ್ಗೆ ಮುಂದೆ ವಿವರವಾಗಿ ಹೇಳುತ್ತೇನೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ನಿಜವಾಗಿ ಭಯಪಡಬೇಕಾದ್ದು ಅದಕ್ಕೇ.

ಹಂತ 1: ಮಾಲ್ಟ್ ಚೀಲ ಬಿಚ್ಚಿ ನೋಡಿ

ಮಾಲ್ಟ್ ಅಂದರೆ ಧಾನ್ಯ. ಧಾನ್ಯಕ್ಕೆ ಬರುವ ಹುಳವೆಲ್ಲ ಇದಕ್ಕೂ ಬರುತ್ತದೆ. ಒಂದು ಹಿಡಿ ಮಾಲ್ಟ್ ತೆಗೆದು ಬಿಳಿ ತಟ್ಟೆಗೆ ಸುರಿದು, ಬೆಳಕಿನಲ್ಲಿ ಐದು ನಿಮಿಷ ಬಿಡಿ. ಉದ್ದ ಮೂತಿಯ ಕಂದು ಹುಳ ಮೆಲ್ಲಗೆ ಹೊರಗೆ ನಡೆಯುತ್ತದೆ. ಕಾಳುಗಳನ್ನು ಒಂದೊಂದಾಗಿ ನೋಡಿದರೆ ಸೂಜಿಯಲ್ಲಿ ಚುಚ್ಚಿದ ಹಾಗೆ ತೂತು ಕಾಣುತ್ತದೆ. ಈ ಹುಳದ ಹೆಣ್ಣು ಕಾಳಿಗೆ ತೂತು ಕೊರೆದು, ಒಳಗೆ ಮೊಟ್ಟೆ ಇಟ್ಟು, ಬಾಯಿ ಮುಚ್ಚಿಬಿಡುತ್ತದೆ. ಮರಿ ಬೆಳೆಯುವುದು ಕಾಳಿನ ಒಳಗೇ. ಹಾಗಾಗಿ ಇವತ್ತು ಶುದ್ಧವಾಗಿ ಕಂಡ ಚೀಲದಲ್ಲಿ ಮುಂದಿನ ತಿಂಗಳು ಹುಳ ಓಡಾಡಬಹುದು. ಅಂಗಡಿಯವರು ಕೆಟ್ಟದ್ದು ಕೊಟ್ಟರು ಎಂದೇನೂ ಅಲ್ಲ.

ಇನ್ನೊಂದು ಸಾಮಾನ್ಯ ಕಾಟ ಚಿಟ್ಟೆಯದು. ಅದು ಇದ್ದರೆ ಕಾಳುಗಳು ಸಣ್ಣ ಬಲೆಯ ಎಳೆಯಲ್ಲಿ ಅಂಟಿಕೊಂಡು ಗುಂಪುಗುಂಪಾಗಿರುತ್ತವೆ, ಚೀಲದ ಮೂಲೆಯಲ್ಲಿ ಬಿಳಿ ಮರಿಹುಳ ಕಾಣುತ್ತದೆ.

ಏನು ಮಾಡಬೇಕು? ನಾನು ಹೀಗೆ ತೀರ್ಮಾನ ಮಾಡುತ್ತೇನೆ. ಒಂದೆರಡು ಮೂತಿ ಹುಳ, ಮಾಲ್ಟ್‌ಗೆ ಒಳ್ಳೆಯ ವಾಸನೆ, ಕಚ್ಚಿದರೆ ಕರುಂ ಅನ್ನುತ್ತದೆ ಎಂದಾದರೆ ಜರಡಿ ಹಿಡಿದು ಬೇಗ ಬಳಸಿ. ಇದರ ರಸ ಹೇಗೂ ಒಂದು ಗಂಟೆ ಕುದಿಯುತ್ತದೆ, ಹುಳದಿಂದ ಬಿಯರ್‌ಗೆ ಸೋಂಕು ಬರುವುದಿಲ್ಲ. ಬಲೆ ಕಟ್ಟಿದ್ದರೆ, ಹಿಟ್ಟುಹಿಟ್ಟಾಗಿದ್ದರೆ, ಮುಗ್ಗಲು ವಾಸನೆ ಇದ್ದರೆ ಬಿಸಾಡಿ. ಇಲಿಯ ಹಿಕ್ಕೆ ಕಂಡರೆ ಯೋಚನೆಯೇ ಬೇಡ, ಇಡೀ ಚೀಲ ಕಸಕ್ಕೆ.

ಮುಂದಕ್ಕೆ ಬರದ ಹಾಗೆ ಮಾಡುವುದು ಸುಲಭ. ಹೊಸ ಮಾಲ್ಟ್ ತಂದ ತಕ್ಷಣ ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿ ಫ್ರೀಜರ್‌ನಲ್ಲಿ ಒಂದು ವಾರ ಇಡಿ, ಮೊಟ್ಟೆಯೂ ಸಾಯುತ್ತದೆ. ಹೊರತೆಗೆದ ಮೇಲೆ ಪೂರ್ತಿ ಮನೆಯ ಬಿಸಿಗೆ ಬರುವ ತನಕ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ತಣ್ಣನೆಯ ಕಾಳಿನ ಮೇಲೆ ನೀರಿನ ಪಸೆ ಕೂರುತ್ತದೆ. ಆಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಸುರಿದು ತಂಪು ಜಾಗದಲ್ಲಿ ಇಡಿ. ಕಾಗದದ ಚೀಲ, ತೆಳು ಪ್ಲಾಸ್ಟಿಕ್ ಕವರ್ ಇವೆಲ್ಲ ಹುಳಕ್ಕೂ ಇಲಿಗೂ ಲೆಕ್ಕಕ್ಕೇ ಇಲ್ಲ. ಪುಡಿ ಮಾಡಿದ ಮಾಲ್ಟ್ ಜಾಸ್ತಿ ದಿನ ಉಳಿಯುವುದಿಲ್ಲ, ಬೇಕಾದಾಗ ಬೇಕಾದಷ್ಟೇ ಪುಡಿ ಮಾಡಿಕೊಳ್ಳಿ.

ಹಂತ 2: ದೂಳು ಒಂದು ಕಡೆ, ಬಿಯರ್ ಇನ್ನೊಂದು ಕಡೆ

ಮಾಲ್ಟ್‌ನ ಹುಳಕ್ಕಿಂತ ಅದರ ದೂಳು ಅಪಾಯ. ಬಾರ್ಲಿಯ ಸಿಪ್ಪೆಯ ಮೇಲೆ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಬ್ಯಾಕ್ಟೀರಿಯಾ ಸಹಜವಾಗಿ ಇರುತ್ತದೆ. ಪುಡಿ ಮಾಡುವಾಗ ಎದ್ದ ದೂಳಿನ ಜೊತೆ ಅದೂ ತೇಲುತ್ತದೆ, ತಣ್ಣಗಾಗುತ್ತಿರುವ ವರ್ಟ್ ಮೇಲೆ ಬೀಳುತ್ತದೆ. ಹಾಗಾಗಿ ಮಾಲ್ಟ್ ಪುಡಿ ಮಾಡುವ ಜಾಗ, ಬಿಯರ್ ಹುದುಗುವ ಜಾಗ ಬೇರೆ ಬೇರೆ ಕೋಣೆಯಲ್ಲಿರಲಿ. ಆಗದಿದ್ದರೆ ಹಿಂದಿನ ದಿನವೇ ಪುಡಿ ಮಾಡಿ, ಒರೆಸಿ, ದೂಳು ಕೂರಲು ಬಿಡಿ.

ರಸ ಹಿಂಡಿದ ಮೇಲೆ ಉಳಿಯುವ ಚರಟವನ್ನು ಆವತ್ತೇ ಮನೆಯಿಂದ ಹೊರಗೆ ಕಳಿಸಿ. ಬೆಚ್ಚಗೆ, ಒದ್ದೆಯಾಗಿ, ಸಿಹಿಯಾಗಿ ಇರುವ ಅದು ಮಾರನೆಯ ದಿನಕ್ಕೆ ಹುಳಿ ನಾರುತ್ತದೆ. ನೊಣ, ಜಿರಳೆ, ಇಲಿ ಎಲ್ಲ ಬರುತ್ತವೆ.

ಇರುವೆ, ಜಿರಳೆ ಕಾಟ ಇದ್ದರೆ ಅಂಟಿದ ಸಿಹಿ ಒರೆಸುವುದೇ ಮೊದಲ ಮದ್ದು. ಚೆಲ್ಲಿದ ವರ್ಟ್ ಒಣಗಿದರೆ ಸಕ್ಕರೆ ಪಾಕವೇ ಸರಿ. ಬಿಯರ್ ಪಾತ್ರೆಯ ಹತ್ತಿರ ಕೀಟನಾಶಕ ಸ್ಪ್ರೇ ಮಾತ್ರ ಹೊಡೆಯಬೇಡಿ. ಕೀಟನಾಶಕದ ಹನಿ ಬಿದ್ದ ಪಾತ್ರೆಗಿಂತ ಇರುವೆ ಹತ್ತಿದ ಪಾತ್ರೆ ಎಷ್ಟೋ ವಾಸಿ.

ಹಂತ 3: ತೊಳೆಯುವುದು ಬೇರೆ, ಸ್ಯಾನಿಟೈಸ್ ಮಾಡುವುದು ಬೇರೆ

ಇದನ್ನು ಒಂದೇ ಅಂದುಕೊಂಡವರ ಬಿಯರ್ ಇವತ್ತಲ್ಲ ನಾಳೆ ಕೆಡುತ್ತದೆ. ತೊಳೆಯುವುದು ಅಂದರೆ ಕಣ್ಣಿಗೆ ಕಾಣುವ, ಬೆರಳಿಗೆ ತಾಗುವ ಕೊಳೆ ತೆಗೆಯುವುದು. ಸ್ಯಾನಿಟೈಸ್ ಅಂದರೆ ಕೊಳೆ ಹೋದ ಮೇಲೆ ಉಳಿದ ಜೀವಿಗಳನ್ನು ಕೊಲ್ಲುವುದು. ಕೊಳೆ ಇರುವ ಕಡೆ ಎಷ್ಟು ಸ್ಯಾನಿಟೈಸರ್ ಸುರಿದರೂ ಅದು ಮೇಲ್ಪದರ ದಾಟುವುದಿಲ್ಲ. ಕೆಳಗೆ ಅವು ಆರಾಮಾಗಿ ಬದುಕಿರುತ್ತವೆ.

ತೊಳೆಯುವುದಕ್ಕೆ ಸೋಡಿಯಂ ಪರ್‌ಕಾರ್ಬೊನೇಟ್ ಇರುವ ಪುಡಿ ಅಥವಾ ಪಿಬಿಡಬ್ಲ್ಯೂ ಥರದ ಬ್ರೂಯಿಂಗ್ ಕ್ಲೀನರ್ ಒಳ್ಳೆಯದು. ಬಿಸಿ ನೀರಲ್ಲಿ ಕರಗಿಸಿ, ಅರ್ಧ ಗಂಟೆ ನೆನೆಸಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಜಾಲಿಸಿ. ಪ್ಲಾಸ್ಟಿಕ್ ಪಾತ್ರೆಗೆ ಸ್ಟೀಲ್ ಉಜ್ಜು, ಗಟ್ಟಿ ಬ್ರಷ್ ಮುಟ್ಟಿಸಬೇಡಿ. ಒಂದೊಂದು ಗೀರೂ ಬ್ಯಾಕ್ಟೀರಿಯಾಗೆ ಅಡಗುವ ಜಾಗ. ಪರಿಮಳದ ಸೋಪಿನ ವಾಸನೆ ಪ್ಲಾಸ್ಟಿಕ್ ಹೀರಿಕೊಳ್ಳುತ್ತದೆ, ಅದೂ ಬೇಡ.

ಈಗ ನಲ್ಲಿ. ಪಾತ್ರೆಯ ಕೆಳಗಿನ ನಲ್ಲಿಯನ್ನು ಪ್ರತಿ ಸಲವೂ ಪೂರ್ತಿ ಬಿಚ್ಚಬೇಕು. ಪಾತ್ರೆಯಿಂದ ತಿರುಗಿಸಿ ತೆಗೆದರಷ್ಟೇ ಸಾಲದು. ತುಂಬಾ ಪ್ಲಾಸ್ಟಿಕ್ ನಲ್ಲಿಗಳಲ್ಲಿ ಹೊರಗಿನ ಕವಚ, ಒಳಗೆ ತಿರುಗುವ ಭಾಗ ಎರಡೂ ಬೇರೆ ಬೇರೆ. ಬಿಸಿ ನೀರಲ್ಲಿ ಒಂದೆರಡು ನಿಮಿಷ ಅದ್ದಿಡಿ. ಪ್ಲಾಸ್ಟಿಕ್ ಸ್ವಲ್ಪ ಮೆತ್ತಗಾದ ಮೇಲೆ ಕೆಳಗಿನಿಂದ ಒತ್ತಿದರೆ ಒಳಭಾಗ ಜಾರಿ ಹೊರಗೆ ಬರುತ್ತದೆ. ಎರಡು ಮೂರು ಸಲ ಬಳಸಿಯೂ ಬಿಚ್ಚದ ನಲ್ಲಿಯಾದರೆ ಅಲ್ಲಿ ಕಂದು ಲೋಳೆಯ ಗೆರೆ ಕೂತಿರುತ್ತದೆ. ಮುಟ್ಟಿದರೆ ಜಾರುತ್ತದೆ, ಮೂಸಿದರೆ ಹುಳಿ ವಾಸನೆ. ನೀವು ಬಾಟಲಿಗೆ ತುಂಬಿಸುವ ಒಂದೊಂದು ಹನಿಯೂ ಆ ಲೋಳೆಯನ್ನು ಸವರಿಕೊಂಡೇ ಹೋಗುತ್ತದೆ. ಹೊಸಬರ ಬಿಯರ್ ಪಾತ್ರೆಯಲ್ಲಿ ಚೆನ್ನಾಗಿದ್ದು ಬಾಟಲಿಗೆ ಹೋದ ಮೇಲೆ ಕೆಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬಹುಶಃ ಇನ್ನೊಂದಿಲ್ಲ. ರಬ್ಬರ್ ವಾಷರ್ ತೆಗೆದು ಅದರ ಎರಡೂ ಬದಿ ತೊಳೆಯಿರಿ. ಮುಚ್ಚಳದ ರಬ್ಬರ್ ಪಟ್ಟಿ, ಏರ್‌ಲಾಕ್ ಕೂರುವ ರಬ್ಬರ್ ಬಿರಡೆಯನ್ನೂ ಮರೆಯಬೇಡಿ. ಬಿಯರ್ ಹರಿಯುವ ಪೈಪ್ ಮಂಕಾಗಿದ್ದರೆ, ಕಲೆ ಹಿಡಿದಿದ್ದರೆ ಉಜ್ಜುತ್ತಾ ಕೂರುವುದಕ್ಕಿಂತ ಬದಲಾಯಿಸುವುದೇ ಸರಿ.

ಸ್ಯಾನಿಟೈಸರ್ ವಿಷಯಕ್ಕೆ ಬಂದರೆ ಹೊಸಬರಿಗೆ ಆಮ್ಲದ ಸ್ಯಾನಿಟೈಸರ್ ಸುಲಭ. ಸ್ಟಾರ್ ಸ್ಯಾನ್ ಬ್ರ್ಯಾಂಡ್ ಆದರೆ ಒಂದು ಲೀಟರ್ ನೀರಿಗೆ ಸುಮಾರು 1.5 ಮಿಲಿಲೀಟರ್, ಒಂದೆರಡು ನಿಮಿಷ ಮೈ ಒದ್ದೆಯಾಗಿರಬೇಕು. ಆಮೇಲೆ ಜಾಲಿಸುವ ಹಾಗಿಲ್ಲ. ಉಳಿದ ನೊರೆ ಬಿಯರ್‌ಗೆ ಸೇರಿದರೂ ತೊಂದರೆ ಇಲ್ಲ. ಎಷ್ಟೋ ಜನ ನೊರೆ ಕಂಡು ಹೆದರಿ ನಲ್ಲಿ ನೀರಲ್ಲಿ ತೊಳೆದುಬಿಡುತ್ತಾರೆ, ಮಾಡಿದ ಕೆಲಸ ಅಲ್ಲಿಗೆ ನೀರುಪಾಲು. ಅಯೋಡಿನ್ ಇರುವ ಸ್ಯಾನಿಟೈಸರ್ ಆದರೆ 12.5 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 12.5 ಭಾಗ) ಸಾಕು, ಅದಕ್ಕೂ ಎರಡು ನಿಮಿಷ. ಲೇಬಲ್ ಮೇಲೆ ಬರೆದದ್ದಕ್ಕಿಂತ ಜಾಸ್ತಿ ಹಾಕಿದರೆ ಜಾಸ್ತಿ ಶುದ್ಧವಾಗುವುದಿಲ್ಲ, ರುಚಿ ಕೆಡುತ್ತದೆ ಅಷ್ಟೇ.

ಬೇರೇನೂ ಸಿಗದಿದ್ದರೆ ಪರಿಮಳವಿಲ್ಲದ ಮಾಮೂಲಿ ಬ್ಲೀಚ್ ಆಗುತ್ತದೆ. ಲೀಟರ್‌ಗೆ 4 ಮಿಲಿಲೀಟರ್, 20 ನಿಮಿಷ, ಆಮೇಲೆ ಕುದಿಸಿ ಆರಿಸಿದ ನೀರಲ್ಲಿ ಚೆನ್ನಾಗಿ ಜಾಲಿಸಬೇಕು. ಕ್ಲೋರಿನ್ ಉಳಿದರೆ ಬಿಯರ್‌ಗೆ ಆಸ್ಪತ್ರೆಯ ಬ್ಯಾಂಡೇಜ್ ವಾಸನೆ ಬರುತ್ತದೆ. ಸ್ಟೀಲ್ ಪಾತ್ರೆಗೆ ಬ್ಲೀಚ್ ಬೇಡ, ತುಕ್ಕಿನ ಚುಕ್ಕೆ ಬೀಳುತ್ತದೆ. ಬ್ಲೀಚನ್ನು ಯಾವುದೇ ಆಮ್ಲದ ಜೊತೆ, ವಿನೆಗರ್ ಜೊತೆ ಕೂಡ, ಯಾವತ್ತೂ ಬೆರೆಸಬೇಡಿ. ಹೊರಡುವುದು ವಿಷದ ಗಾಳಿ.

ಸ್ಯಾನಿಟೈಸರ್ ತುಂಬಿದ ಒಂದು ಸ್ಪ್ರೇ ಬಾಟಲಿ ಕೈಗೆಟುಕುವ ಹಾಗೆ ಇಟ್ಟುಕೊಳ್ಳಿ. ಕತ್ತರಿ, ಯೀಸ್ಟ್ ಪ್ಯಾಕೆಟ್‌ನ ಹೊರಮೈ, ನಿಮ್ಮ ಕೈ, ಎಲ್ಲಕ್ಕೂ ಒಂದು ಸಲ ಹೊಡೆಯಿರಿ.

ಹಂತ 4: ಕುದಿ ನಿಂತಿತು, ಈಗ ಎಚ್ಚರ

ಒಲೆ ಆರಿಸುವ ತನಕ ನೀವು ಎಷ್ಟು ಅಶುದ್ಧವಾಗಿದ್ದರೂ ನಡೆಯುತ್ತದೆ. ಸೌಟು ನೆಲಕ್ಕೆ ಬಿತ್ತಾ, ತೊಳೆದು ಹಾಕಿ, ಕುದಿ ನೋಡಿಕೊಳ್ಳುತ್ತದೆ. ಕುದಿ ನಿಂತು ವರ್ಟ್ 60 ಡಿಗ್ರಿಗಿಂತ ಕೆಳಗೆ ಇಳಿದ ಕ್ಷಣದಿಂದ ಲೆಕ್ಕ ಬದಲಾಗುತ್ತದೆ. ಈಗ ಅದು ಸಿಹಿ, ಬೆಚ್ಚಗಿನ, ರಕ್ಷಣೆಯೇ ಇಲ್ಲದ ರಸ. ಮುಟ್ಟುವುದೆಲ್ಲ ಸ್ಯಾನಿಟೈಸ್ ಆಗಿರಬೇಕು.

ಹಾಗಾಗಿ ಬೇಗ ತಣಿಸಿ. ಒಳಗೆ ತಣ್ಣೀರು ಹರಿಯುವ ತಾಮ್ರದ ಅಥವಾ ಸ್ಟೀಲಿನ ಚಿಲ್ಲರ್ ಸುರುಳಿ ಇದ್ದರೆ ಕುದಿಯ ಕೊನೆಯ 15 ನಿಮಿಷ ಅದನ್ನು ಪಾತ್ರೆಯೊಳಗೇ ಇಳಿಸಿ, ಅದೂ ಶುದ್ಧವಾಗುತ್ತದೆ. ಇಲ್ಲದಿದ್ದರೆ ಪಾತ್ರೆಯನ್ನು ಮುಚ್ಚಿ ಐಸ್ ನೀರಿನ ತೊಟ್ಟಿಯಲ್ಲಿಡಿ, ಆಗಾಗ ನೀರು ಬದಲಾಯಿಸಿ. ಅರ್ಧ ಗಂಟೆಯಲ್ಲಿ 20 ಡಿಗ್ರಿಗೆ ಬಂದರೆ ಚೆನ್ನ. ಅವಸರಕ್ಕೆ ಐಸನ್ನೇ ವರ್ಟ್‌ಗೆ ಹಾಕಬೇಡಿ. ಐಸ್ ಮಾಡಿದ ನೀರು ಕುದಿಸಿದ್ದಲ್ಲ, ಫ್ರೀಜರ್ ಏನನ್ನೂ ಶುದ್ಧ ಮಾಡುವುದಿಲ್ಲ.

ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಸಾಕುಪ್ರಾಣಿಗಳನ್ನು ಹೊರಗಿಡಿ. ಅರ್ಧ ಗಂಟೆಯ ಮಟ್ಟಿಗೆ ಅಷ್ಟೇ ತಾನೇ.

ಹಂತ 5: ಯೀಸ್ಟ್ ಬೇಗ ಹಾಕಿ, ಸಾಕಷ್ಟು ಹಾಕಿ

ಎಷ್ಟು ತೊಳೆದರೂ ಕೆಲವು ಬ್ಯಾಕ್ಟೀರಿಯಾ, ಕಾಡು ಯೀಸ್ಟ್ (ನಾವು ಹಾಕದೆ ತಾನಾಗೇ ಬರುವ ಯೀಸ್ಟ್) ಒಳಗೆ ಹೋಗೇ ಹೋಗುತ್ತವೆ. ಮನೆ ಆಪರೇಷನ್ ಥಿಯೇಟರ್ ಅಲ್ಲ. ನಿಮ್ಮ ಯೀಸ್ಟ್ ಮೊದಲು ಎದ್ದು ಸಕ್ಕರೆ ತಿನ್ನಲು ಶುರು ಮಾಡಿದರೆ ಉಳಿದವುಗಳಿಗೆ ತಿನ್ನಲೂ ಸಿಗುವುದಿಲ್ಲ, ಬೆಳೆಯಲು ಜಾಗವೂ ಇರುವುದಿಲ್ಲ. ಈ ಇಡೀ ಕೆಲಸದಲ್ಲಿ ನಿಮ್ಮ ದೊಡ್ಡ ರಕ್ಷಣೆ ಇದೇ. ಸ್ಯಾನಿಟೈಸರ್‌ಗಿಂತಲೂ ದೊಡ್ಡದು ಎಂದು ನಾನು ಖಂಡಿತವಾಗಿ ನಂಬುತ್ತೇನೆ.

20 ಲೀಟರ್ ಮಾಮೂಲಿ ಏಲ್‌ಗೆ (ಮನೆಯ ಬಿಸಿಯಲ್ಲೇ ಹುದುಗುವ ಬಿಯರ್) 11 ಗ್ರಾಂನ ಒಣ ಯೀಸ್ಟ್ ಪ್ಯಾಕೆಟ್ ಒಂದು ಪೂರ್ತಿ ಬೇಕು. ಅರ್ಧ ಉಳಿಸಿ ಮುಂದಿನ ಸಲಕ್ಕೆ ಇಡುವ ಉಳಿತಾಯ ಬೇಡ. ತಾರೀಖು ನೋಡಿ, ಫ್ರಿಜ್‌ನಲ್ಲಿಟ್ಟದ್ದನ್ನು ತನ್ನಿ. ವರ್ಟ್ 18ರಿಂದ 22 ಡಿಗ್ರಿ ಇದ್ದಾಗ ಹಾಕಿ. ಯೀಸ್ಟ್ ಹಾಕುವ ಮುಂಚೆ ವರ್ಟನ್ನು ಚೆನ್ನಾಗಿ ಕುಲುಕಿ ಗಾಳಿ ಸೇರಿಸಬಹುದು. ಗಾಳಿ ಒಳ್ಳೆಯದು ಈ ಒಂದು ಸಮಯದಲ್ಲಿ ಮಾತ್ರ.

12ರಿಂದ 24 ಗಂಟೆಯಲ್ಲಿ ನೊರೆ ಏಳಬೇಕು. ಏಳದಿದ್ದರೂ 72 ಗಂಟೆ ತನಕ ಕಾಯಬಹುದು. ಏರ್‌ಲಾಕ್‌ನಲ್ಲಿ ಗುಳ್ಳೆ ಬರಲಿಲ್ಲ ಅಂದ ಮಾತ್ರಕ್ಕೆ ಹುದುಗಿಲ್ಲ ಎಂದಲ್ಲ, ಮುಚ್ಚಳದ ಸಂದಿನಿಂದ ಗಾಳಿ ಹೋಗುತ್ತಿರಬಹುದು. ಇನ್ನೆಷ್ಟು ಸಕ್ಕರೆ ಉಳಿದಿದೆ ಎಂದು ತಿಳಿಸುವ ಹೈಡ್ರೋಮೀಟರ್ ಹೇಳಿದ್ದೇ ನಿಜ.

ಕಾಡು ಯೀಸ್ಟ್ ಅನ್ನುವುದು ಹೊಸಬರ ಮನೆಯ ತೊಂದರೆ ಮಾತ್ರ ಅಲ್ಲ. ಫ್ರಾನ್ಸ್‌ನ ವಿಜ್ಞಾನಿ ಲೂಯಿ ಪಾಸ್ಚರ್ 1876ರಲ್ಲಿ ಬಿಯರ್ ಕೆಡುವುದಕ್ಕೆ ಸೂಕ್ಷ್ಮಜೀವಿಗಳು ಕಾರಣ ಎಂದು ವಿವರಿಸಿದರು. ಆದರೂ ಡೆನ್ಮಾರ್ಕ್‌ನ ಕಾರ್ಲ್ಸ್‌ಬರ್ಗ್‌ನಂಥ ದೊಡ್ಡ ಬ್ರೂವರಿಯಲ್ಲೂ ಬಿಯರ್ ಕೆಡುತ್ತಿತ್ತು. ಅಲ್ಲಿನ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್, ಒಳ್ಳೆಯ ಯೀಸ್ಟ್ ಜೊತೆ ಕಾಡು ಯೀಸ್ಟ್ ಬೆರೆತಿರುವುದೇ ಕಾರಣ ಎಂದು ಕಂಡುಕೊಂಡು, 1883ರಲ್ಲಿ ಒಂದೇ ಜೀವಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದರು. ಇವತ್ತು ನಮ್ಮ ಕೈಗೆ ಸಿಗುವ ಪ್ಯಾಕೆಟ್ ಅದೇ ದಾರಿಯಲ್ಲಿ ಬಂದದ್ದು. ಹಿಂದಿನ ಬಿಯರ್‌ನ ತಳದ ಯೀಸ್ಟ್ ಎತ್ತಿ ಮತ್ತೆ ಬಳಸುವ ಆಸೆ ಇದ್ದರೆ, ಮೊದಲ ಕೆಲವು ಸಲ ಆ ಆಸೆ ತಡೆದುಕೊಳ್ಳಿ.

ಹಂತ 6: ನೊಣಕ್ಕೆ ದಾರಿ ಕೊಡಬೇಡಿ

ಬಿಯರ್ ಹುದುಗುವ ಕಡೆ ಸುಳಿಯುವುದು ಸಣ್ಣ ಹಣ್ಣಿನ ನೊಣ. ಹುದುಗಿನ ವಾಸನೆ ಅದನ್ನು ಎಳೆದು ತರುತ್ತದೆ. ಅದರ ಮೈಮೇಲೆ ಅಸಿಟೋಬ್ಯಾಕ್ಟರ್ ಇರುತ್ತದೆ, ಅಂದರೆ ಆಲ್ಕೋಹಾಲನ್ನು ವಿನೆಗರ್ ಮಾಡುವ ಬ್ಯಾಕ್ಟೀರಿಯಾ. ಕೇಳಿದರೆ ಭಯ ಆಗುತ್ತದೆ, ಅಲ್ವಾ? ಆದರೆ ಈ ಬ್ಯಾಕ್ಟೀರಿಯಾಗೆ ಗಾಳಿ ಬೇಕೇ ಬೇಕು. ಮುಚ್ಚಿದ ಪಾತ್ರೆಯಲ್ಲಿ, ಕಾರ್ಬನ್ ಡೈಆಕ್ಸೈಡ್ ಹೊದಿಕೆಯ ಕೆಳಗೆ ಅದು ಏನೂ ಮಾಡಲಾರದು.

ಏರ್‌ಲಾಕ್‌ಗೆ ಬರಿ ನೀರಿನ ಬದಲು ಸ್ಯಾನಿಟೈಸರ್ ಅಥವಾ ವೋಡ್ಕಾ ಹಾಕಿ. ನೊಣ ಬಿದ್ದರೆ ಏರ್‌ಲಾಕ್ ತೆಗೆದು, ತೂತಿಗೆ ಸ್ಯಾನಿಟೈಸರ್ ಹೊಡೆದ ಫಾಯಿಲ್ ಮುಚ್ಚಿ, ತೊಳೆದು ಹೊಸದಾಗಿ ತುಂಬಿಸಿ ಹಾಕಿ. ಕೆಲಸ ಮುಗಿಯಿತು. ಬಿಯರ್ ಒಳಗೇ ಒಂದು ನೊಣ ಬಿದ್ದಿದ್ದರೆ ಸ್ಯಾನಿಟೈಸ್ ಮಾಡಿದ ಚಮಚದಲ್ಲಿ ತೆಗೆದು ಮುಚ್ಚಿ. ಹುದುಗು ಜೋರಾಗಿದ್ದರೆ ಬಹಳ ಸಲ ಏನೂ ಆಗುವುದಿಲ್ಲ. ಅಷ್ಟಕ್ಕೇ 20 ಲೀಟರ್ ಚೆಲ್ಲಬೇಡಿ.

ಬಿಸಿ ಬಿಯರನ್ನು ಫ್ರಿಜ್‌ಗಿಟ್ಟರೆ ಪಾತ್ರೆಯೊಳಗಿನ ಗಾಳಿ ಕುಗ್ಗಿ ಏರ್‌ಲಾಕ್‌ನಲ್ಲಿದ್ದದ್ದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸತ್ತ ನೊಣ ತೇಲುವ ಕೊಳಕು ನೀರು ಅದರಲ್ಲಿದ್ದರೆ ಅದೂ ಒಳಗೆ. ವೋಡ್ಕಾ ಹಾಕಿ ಎಂದು ಹೇಳುವುದು ಇದಕ್ಕೇ.

ನೊಣದ ಸಂತತಿ ಕಮ್ಮಿ ಮಾಡಲು ಸಣ್ಣ ಬಟ್ಟಲಲ್ಲಿ ವಿನೆಗರ್ ಹಾಕಿ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬಿಡಿ. ಸೋಪು ನೀರಿನ ಬಿಗಿ ತೆಗೆಯುತ್ತದೆ, ಕೂತ ನೊಣ ಮುಳುಗುತ್ತದೆ. ಇದನ್ನು ಬಿಯರ್ ಪಾತ್ರೆಯಿಂದ ದೂರ ಇಡಿ. ಬೆಚ್ಚಗಿನ ಕೋಣೆಯಲ್ಲಿ ಮೊಟ್ಟೆಯಿಂದ ನೊಣ ಆಗಲು ಹತ್ತು ದಿನ ಸಾಕು. ಬೋನು ಇಟ್ಟರಷ್ಟೇ ಸಾಲದು, ಖಾಲಿ ಬಾಟಲಿಗಳ ತಳದಲ್ಲಿ ಉಳಿದ ಗುಟುಕು ಬಿಯರ್, ಒದ್ದೆ ಬಟ್ಟೆ, ಸಿಂಕಿನ ಜಾಲರಿ ಇವನ್ನೆಲ್ಲ ನೋಡಬೇಕು.

ಹಂತ 7: ಮುಚ್ಚಳ ತೆಗೆದಾಗ ಕಂಡದ್ದು ಏನು?

ಸುಮ್ನೆ ನೋಡೋಣ ಎಂದು ದಿನಾ ಮುಚ್ಚಳ ತೆಗೆಯಬೇಡಿ. ಆದರೂ ಒಂದು ದಿನ ನೋಡೇ ನೋಡುತ್ತೀರಿ. ಆಗ ಕಾಣುವುದು ಚೆಂದ ಇರುವುದಿಲ್ಲ.

ಕೊಳಕು ಬಿಳಿ ನೊರೆ, ಅದರ ಮೇಲೆ ಕಂದು, ಹಸಿರು ಮಚ್ಚೆ, ಪಾತ್ರೆಯ ಗೋಡೆಗೆ ಅಂಟಿದ ಕಪ್ಪು ಕಂದು ಗಷ್ಟು: ಇದು ಕ್ರೌಸನ್. ಯೀಸ್ಟ್, ಪ್ರೋಟೀನ್, ಹಾಪ್ಸ್‌ನ ಅಂಟು ಸೇರಿ ಆಗುವುದು. ಪೂರ್ತಿ ಆರೋಗ್ಯದ ಲಕ್ಷಣ. ನೊರೆ ಇಳಿದ ಮೇಲೆ ಕೆನೆ ಬಣ್ಣದ ಯೀಸ್ಟ್ ತುಂಡುಗಳು ದ್ವೀಪದಂತೆ ತೇಲಬಹುದು, ಪಾತ್ರೆ ಮೆಲ್ಲಗೆ ಅಲುಗಾಡಿಸಿದರೆ ಒಡೆದು ಮುಳುಗುತ್ತವೆ. ತಂಪಿನಲ್ಲಿ ಹುದುಗುವ ಲಾಗರ್ ಬಿಯರ್‌ನ ಯೀಸ್ಟ್ ಆದರೆ ಕೊಳೆತ ಮೊಟ್ಟೆಯ ವಾಸನೆಯೂ ಬರಬಹುದು. ಅದೂ ಸಹಜ, ಹೋಗುತ್ತದೆ.

ಹುದುಗು ಮುಗಿದು ದಿನಗಳಾದ ಮೇಲೆ ತೆಳು ಬಿಳಿ ಪೊರೆ ಬಂದು, ಸುಕ್ಕುಗಟ್ಟಿ, ಅದರ ಕೆಳಗೆ ದೊಡ್ಡ ಗುಳ್ಳೆಗಳು ಸಿಕ್ಕಿಕೊಂಡ ಹಾಗಿದ್ದರೆ ಅದು ಪೆಲಿಕಲ್. ಕಾಡು ಯೀಸ್ಟ್ ಅಥವಾ ಬ್ಯಾಕ್ಟೀರಿಯಾ ಸೇರಿದೆ ಎಂದು ಅರ್ಥ. ಪಾತ್ರೆಯಲ್ಲಿ ಗಾಳಿ ಜಾಸ್ತಿ ಇದ್ದಾಗ ಇದು ಎದ್ದು ಕಾಣುತ್ತದೆ. ಕೂದಲು ಕೂದಲಾಗಿ, ಒಣಗಿದಂತೆ, ಬಿಳಿ, ಹಸಿರು, ಕಪ್ಪು ಬಣ್ಣದಲ್ಲಿ ಎದ್ದು ನಿಂತಿದ್ದರೆ ಅದು ಬೂಸ್ಟು. ಮೇಲಿನದ್ದನ್ನು ಕೆರೆದು ತೆಗೆದು ಉಳಿದದ್ದು ಕುಡಿಯುವ ಯೋಚನೆ ಬೇಡ, ಚೆಲ್ಲಿ.

ಪೆಲಿಕಲ್ ಕಂಡರೆ ಕೆಳಗಿನಿಂದ ಸ್ವಲ್ಪ ತೆಗೆದು ಮೂಸಿ, ಆಮೇಲೆ ನಾಲಿಗೆಗೆ ಹಚ್ಚಿ ನೋಡಿ. ಶುದ್ಧ ಹುಳಿಯಾದರೆ ಲ್ಯಾಕ್ಟೋಬ್ಯಾಸಿಲಸ್. ಮೂಗಿಗೆ ಚುಚ್ಚುವ ಹುಳಿಯಾದರೆ ಅಸಿಟೋಬ್ಯಾಕ್ಟರ್, ಎಲ್ಲೋ ಗಾಳಿ ಹೋಗಿದೆ. ಬೆಣ್ಣೆಯ ವಾಸನೆ, ಸುರಿದರೆ ಲೋಳೆ ಎಳೆ ಎಂದಾದರೆ ಪೀಡಿಯೊಕಾಕಸ್. ಕುದುರೆ ಲಾಯದ, ಚರ್ಮದ ವಾಸನೆ ಬಂದರೆ ಬ್ರೆಟನೊಮೈಸಿಸ್, ಕೆಲವು ಶೈಲಿಯ ಬಿಯರ್‌ಗಳಲ್ಲಿ ಇದನ್ನು ಬೇಕೆಂದೇ ತರಿಸುತ್ತಾರೆ. ರುಚಿ ಇಷ್ಟವಾದರೆ ಕುಡಿಯಬಹುದು, ಇಲ್ಲದಿದ್ದರೆ ಚೆಲ್ಲಿ.

ಎಲ್ಲ ಕೆಟ್ಟ ರುಚಿಯೂ ಸೋಂಕಲ್ಲ. ಹಸಿ ಸೇಬಿನ ರುಚಿ ಬಂದರೆ ಬಿಯರ್ ಇನ್ನೂ ಎಳೆಯದು, ಒಂದು ವಾರ ಬಿಡಿ. ಒದ್ದೆ ರಟ್ಟಿನ ರುಚಿ ಬಂದರೆ ಗಾಳಿ ಸೇರಿದೆ. ನೇಲ್ ಪಾಲಿಶ್ ವಾಸನೆ ಬಹುತೇಕ ಹುದುಗುವಾಗ ಬಿಸಿ ಜಾಸ್ತಿಯಾಗಿ ಬರುತ್ತದೆ. ಬ್ಯಾಂಡೇಜ್ ವಾಸನೆಗೆ ಬ್ಲೀಚ್ ಮಾತ್ರವಲ್ಲ, ನಲ್ಲಿ ನೀರಿನ ಕ್ಲೋರಿನ್ ಕೂಡ ಕಾರಣವಾಗಬಹುದು. 20 ಲೀಟರ್ ನೀರಿಗೆ ಕಾಲು ಕ್ಯಾಂಪ್ಡೆನ್ ಮಾತ್ರೆ (ಸಲ್ಫೈಟ್ ಇರುವ ಮಾತ್ರೆ) ಪುಡಿ ಮಾಡಿ ಹಾಕಿದರೆ ಕ್ಲೋರಿನ್ ಹೋಗುತ್ತದೆ.

ಹುದುಗಿನ ಮಧ್ಯೆ ಹಾಪ್ಸ್ ಹಾಕುವವರು ಹಾಪ್ಸ್ ಬಗ್ಗೆ ಚಿಂತೆ ಮಾಡಬೇಕಿಲ್ಲ, ಅದನ್ನು ಕಟ್ಟಿದ ಚೀಲ, ಮುಳುಗಿಸಲು ಹಾಕಿದ ತೂಕದ ಬಗ್ಗೆ ಮಾಡಿ. ಹಸಿ ಹಣ್ಣಿನ ಮೇಲೆ ಮಾತ್ರ ಕಾಡು ಯೀಸ್ಟ್ ತುಂಬಿರುತ್ತದೆ, ಮೊದಲ ಬಿಯರ್‌ಗಳಿಗೆ ಅದು ಬೇಡ. ಹೈಡ್ರೋಮೀಟರ್‌ಗೆ ತೆಗೆದ ಬಿಯರನ್ನು ತಿರುಗಿ ಪಾತ್ರೆಗೆ ಸುರಿಯಬೇಡಿ, ಕುಡಿದುಬಿಡಿ.

ಹಂತ 8: ಬಾಟಲಿ

ಕುಡಿದ ಕೂಡಲೇ ಬಾಟಲಿಯನ್ನು ಮೂರು ಸಲ ನೀರು ಹಾಕಿ ಕುಲುಕಿ ತೊಳೆದಿಡುವ ಅಭ್ಯಾಸ ಮಾಡಿಕೊಂಡರೆ ಮುಂದಿನ ಅರ್ಧ ಕೆಲಸ ಮುಗಿದ ಹಾಗೆ. ಒಣಗಿದ ಬಾಟಲಿಯ ತಳದಲ್ಲಿ ಬೂಸ್ಟು ಕೂತಿದ್ದರೆ ಪರ್‌ಕಾರ್ಬೊನೇಟ್ ನೀರಲ್ಲಿ ರಾತ್ರಿಯಿಡೀ ನೆನೆಸಿ, ಬ್ರಷ್ ಹಾಕಿ, ಬೆಳಕಿಗೆ ಹಿಡಿದು ತಳ ನೋಡಿ. ಆಗಲೂ ಕಲೆ ಕಂಡರೆ ಆ ಬಾಟಲಿ ಬಿಟ್ಟುಬಿಡಿ. ತುಂಬಿಸುವ ಮುಂಚೆ ಎಲ್ಲಕ್ಕೂ ಸ್ಯಾನಿಟೈಸರ್, ಮುಚ್ಚಳಗಳಿಗೂ.

ಬಾಟಲಿಗೆ ಹಾಕುವ ಮುಂಚೆ ಹೈಡ್ರೋಮೀಟರ್ ರೀಡಿಂಗ್ ಮೂರು ದಿನದ ಅಂತರದಲ್ಲಿ ಎರಡು ಸಲ ಒಂದೇ ಬರಬೇಕು. ಬಾಟಲಿಯೊಳಗೆ ಗ್ಯಾಸ್ ಬರಲು ಸೇರಿಸುವ ಸಕ್ಕರೆಯನ್ನು ತೂಕ ಮಾಡಿಯೇ ಹಾಕಿ, ಮಾಮೂಲಿ ಏಲ್‌ಗೆ ಲೀಟರ್‌ಗೆ ಸುಮಾರು 6 ಗ್ರಾಂ. ಸ್ವಲ್ಪ ನೀರಲ್ಲಿ ಕುದಿಸಿ ಆರಿಸಿ ಸೇರಿಸಿ.

ಈಗ ಬಾಟಲಿ ಸಿಡಿಯುವ ಮಾತು. ಬಿಯರ್ ಯೀಸ್ಟ್ ತಿನ್ನಲಾಗದ ಕೆಲವು ಸಕ್ಕರೆಗಳು ಬಿಯರ್‌ನಲ್ಲಿ ಉಳಿದಿರುತ್ತವೆ. ಸೋಂಕಿನ ಜೀವಿಗಳು, ಅದರಲ್ಲೂ ಡಯಾಸ್ಟಾಟಿಕಸ್ ಅನ್ನುವ ಯೀಸ್ಟ್ ಮತ್ತು ಬ್ರೆಟನೊಮೈಸಿಸ್, ಅದನ್ನೂ ತಿನ್ನುತ್ತವೆ. ಮುಚ್ಚಿದ ಬಾಟಲಿಯೊಳಗೆ ವಾರಗಟ್ಟಲೆ ಗ್ಯಾಸ್ ತುಂಬುತ್ತಲೇ ಹೋಗುತ್ತದೆ. ತುಂಬುವಾಗ ಹೈಡ್ರೋಮೀಟರ್‌ನಲ್ಲಿ 1.012 ಇದ್ದದ್ದು ತಿಂಗಳ ನಂತರ, ಗ್ಯಾಸ್ ಹೋಗಲು ಬಿಟ್ಟು ಅಳೆದಾಗ, 1.004 ತೋರಿಸಿದರೆ ಒಳಗೆ ಯಾರೋ ತಿನ್ನುತ್ತಿದ್ದಾರೆ ಎಂದೇ ಅರ್ಥ. ಸೇಸಾನ್ ಅನ್ನುವ ಬೆಲ್ಜಿಯಂ ಶೈಲಿಯ ಬಿಯರ್‌ಗೆ ಬಳಸುವ ಕೆಲವು ಯೀಸ್ಟ್‌ಗಳು ಹುಟ್ಟಿನಿಂದಲೇ ಡಯಾಸ್ಟಾಟಿಕಸ್ ಜಾತಿಯವು. ಅದನ್ನು ಮಾಡಿದ ಪಾತ್ರೆ, ಪೈಪ್ ಸರಿಯಾಗಿ ತೊಳೆಯದಿದ್ದರೆ ಮುಂದಿನ ಬಿಯರ್‌ಗೆ ದಾಟುತ್ತದೆ.

ಒಂದು ಬಾಟಲಿ ತೆರೆದಾಗ ನೊರೆ ಉಕ್ಕಿ ನಿಲ್ಲದೆ ಸುರಿದರೆ ತಡ ಮಾಡಬೇಡಿ. ಮಿಕ್ಕ ಬಾಟಲಿಗಳನ್ನು ಮುಟ್ಟುವ ಮುಂಚೆ ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಬಾಟಲಿಗಳ ಮೇಲೆ ದಪ್ಪ ಟವೆಲ್ ಹೊದಿಸಿ, ನಿಧಾನವಾಗಿ ಫ್ರಿಜ್‌ಗೆ ಸೇರಿಸಿ. ತಣ್ಣಗಾದರೆ ಒತ್ತಡ ಇಳಿಯುತ್ತದೆ. ಆಮೇಲೆ ಒಂದೊಂದಾಗಿ ಸಿಂಕಿನಲ್ಲಿ, ಟವೆಲ್ ಸುತ್ತಿ, ಮುಚ್ಚಳ ತೆಗೆದು ಗ್ಯಾಸ್ ಬಿಡಿ. ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ. ಒಂದು ಬಾಟಲಿ ಆಗಲೇ ಸಿಡಿದಿದ್ದರೆ ಪಕ್ಕದವೂ ಸಿಡಿಯಬಹುದು. ಮೊದಲ ಕೆಲವು ಸಲ ಬಾಟಲಿಗಳನ್ನು ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬದಲ್ಲೇ ಇಡಿ. ಒಂದು ಬಾಟಲಿ ಮಾತ್ರ ಪ್ಲಾಸ್ಟಿಕ್ ಸೋಡಾ ಬಾಟಲಿಯಾಗಿರಲಿ. ಅದನ್ನು ಒತ್ತಿ ನೋಡಿದರೆ ಒಳಗಿನ ಗ್ಯಾಸ್ ಎಷ್ಟು ಎಂದು ಕೈಗೇ ಗೊತ್ತಾಗುತ್ತದೆ. ಕಲ್ಲಿನ ಹಾಗೆ ಗಟ್ಟಿಯಾದರೆ ಎಲ್ಲವನ್ನೂ ಫ್ರಿಜ್‌ಗೆ ಸೇರಿಸುವ ಸಮಯ ಬಂತು.

ಹಂತ 9: ಕೆಟ್ಟೇ ಹೋದರೆ

ಚೆಲ್ಲುವ ಮುಂಚೆ ಎಲ್ಲಿಂದ ಬಂತು ಎಂದು ಹುಡುಕಿ. ಎಲ್ಲ ಬಾಟಲಿಯೂ ಒಂದೇ ಥರ ಕೆಟ್ಟಿದ್ದರೆ ಪಾತ್ರೆ, ನಲ್ಲಿ ಅಥವಾ ಪೈಪ್ ಕಡೆ ನೋಡಿ. ಅಲ್ಲಲ್ಲಿ ಒಂದೊಂದು ಮಾತ್ರ ಕೆಟ್ಟಿದ್ದರೆ ಆ ಬಾಟಲಿಗಳೇ ಕೊಳಕು. ಮೊದಲು ತುಂಬಿದ ನಾಲ್ಕೈದು ಮಾತ್ರ ಕೆಟ್ಟಿದ್ದರೆ ನಲ್ಲಿಯ ಬಾಯಲ್ಲಿ ಏನೋ ಕೂತಿತ್ತು. ಇದು ಗೊತ್ತಾಗಬೇಕಾದರೆ ತುಂಬುವಾಗಲೇ ಮುಚ್ಚಳದ ಮೇಲೆ ಪೆನ್ನಿನಲ್ಲಿ ನಂಬರ್ ಹಾಕಿರಬೇಕು. ಬಾಟಲಿಯ ಕುತ್ತಿಗೆಯಲ್ಲಿ, ಬಿಯರ್ ಮಟ್ಟಕ್ಕೆ ಸರಿಯಾಗಿ ಬಿಳಿ ಉಂಗುರ ಕಂಡರೆ ಅದರಲ್ಲಿ ಸೋಂಕಿದೆ ಎಂದು ತೆರೆಯದೆಯೇ ಅನುಮಾನ ಪಡಬಹುದು.

ಗಾಜು, ಸ್ಟೀಲ್ ಆದರೆ ಚೆನ್ನಾಗಿ ತೊಳೆದು, ಸ್ಯಾನಿಟೈಸ್ ಮಾಡಿ ಮತ್ತೆ ಬಳಸಬಹುದು. ಸ್ಟೀಲ್ ಭಾಗಗಳನ್ನು ನೀರಲ್ಲಿ ಹತ್ತು ನಿಮಿಷ ಕುದಿಸಿದರೆ ಇನ್ನೂ ಒಳ್ಳೆಯದು. ನಲ್ಲಿ, ಪೈಪ್, ರಬ್ಬರ್ ವಾಷರ್ ಇವೆಲ್ಲ ಅಗ್ಗದ ಸಾಮಾನು, ಹೊಸದು ತನ್ನಿ. ಗೀರು ಬೀಳದ ಪ್ಲಾಸ್ಟಿಕ್ ಪಾತ್ರೆಯನ್ನು ಪರ್‌ಕಾರ್ಬೊನೇಟ್‌ನಲ್ಲಿ ರಾತ್ರಿಯಿಡೀ ನೆನೆಸಿ, ಪೂರ್ತಿ ಜಾಲಿಸಿ, ಆಮೇಲೆ ಬ್ಲೀಚ್ ನೀರಲ್ಲಿ ನೆನೆಸಿ, ಮತ್ತೆ ಜಾಲಿಸಿ ಒಂದು ಅವಕಾಶ ಕೊಡಬಹುದು. ಅದರಲ್ಲಿ ಮಾಡಿದ ಮುಂದಿನ ಬಿಯರೂ ಹಾಗೇ ಆದರೆ ಆ ಪಾತ್ರೆಯನ್ನು ಮಾಲ್ಟ್ ತುಂಬಿಡುವ ಡಬ್ಬಿ ಮಾಡಿಕೊಳ್ಳಿ.